ಯಾವ ಸಮಾಜರೀ, ಮೇಡಂ?

ಸನ್ಮಾನದ ಶಾಲಿಗೆ ಒಂದು ವಾಸನೆ ಇರುತ್ತದೆ. ಪ್ಲಾಸ್ಟಿಕ್ ಚೀಲದ್ದು, ಗಂಜಿಯದ್ದು, ಅಂಗಡಿಯ ಅಟ್ಟದ ಮೇಲೆ ವರ್ಷಗಟ್ಟಲೆ ಮಡಚಿ ಬಿದ್ದ ಬಟ್ಟೆಯ ಮುಗ್ಗಲು, ಎಲ್ಲ ಕೂಡಿ ಒಂದು. ಆ ಶಾಲನ್ನು ಯಾರೂ ನಿಜಕ್ಕೂ ಹೊದೆಯುವುದಿಲ್ಲ, ಹಾಗಾಗಿ ವಾಸನೆಯೂ ಹೋಗುವುದಿಲ್ಲ. ಹೋದ ತಿಂಗಳು ಜಮಖಂಡಿಯಲ್ಲಿ ನಮ್ಮ ಸಮಾಜದ ಭವನದ ವೇದಿಕೆಯ ಮೇಲೆ ಅದು ನನ್ನ ಹೆಗಲ ಮೇಲೆ ಬಂದು ಕೂತಿತು. ನನಗೆ ಪಿಎಚ್.ಡಿ. ಬಂದದ್ದಕ್ಕೆ ಸನ್ಮಾನ.

ನನ್ನ ಪ್ರಬಂಧದ ವಿಷಯ ‘ಪಾಶ್ಚಾತ್ಯ ಚಿಂತನೆಯಲ್ಲಿ ವ್ಯಕ್ತಿ ಮತ್ತು ಸಮಾಜ’. ನಿರೂಪಣೆ ಮಾಡುತ್ತಿದ್ದವರು ಚೀಟಿ ನೋಡಿ, ಕನ್ನಡಕ ಸರಿಮಾಡಿಕೊಂಡು, ‘ಪಾಶ್ಚಾತ್ಯ ಚಿಂತನೆಯಲ್ಲಿ ನಮ್ಮ ಸಮಾಜ’ ಎಂದು ಗಟ್ಟಿಯಾಗಿ ಓದಿದರು. ಜನ ಚಪ್ಪಾಳೆ ತಟ್ಟಿದರು. ಪಾಶ್ಚಾತ್ಯರು ಕೂಡ ನಮ್ಮವರ ಬಗ್ಗೆ ತಲೆ ಕೆಡಿಸಿಕೊಂಡಿದ್ದಾರೆ ಎಂದು ಮುಂದಿನ ಸಾಲಿನ ಹಿರಿಯರಿಗೆ ಬಹಳ ಸಂತೋಷವಾದಂತೆ ಕಂಡಿತು. ನಾನು ತಿದ್ದಲಿಲ್ಲ, ಕೈಮುಗಿದೆ.

ಶಾಲು ಹೊದಿಸಿದವಳು ಭಾಗ್ಯಶ್ರೀ. ನನ್ನ ಹಳೆಯ ವಿದ್ಯಾರ್ಥಿನಿ. ಈಗ ಮುಧೋಳದ ಒಂದು ಹೈಸ್ಕೂಲಿನಲ್ಲಿ ಶಿಕ್ಷಕಿ, ಸಮಾಜದ ಮಹಿಳಾ ಘಟಕಕ್ಕೆ ಕಾರ್ಯದರ್ಶಿ. ಶಾಲಿನ ಅಂಚನ್ನು ನನ್ನ ಎದೆಯ ಮೇಲೆ ಸರಿಮಾಡುತ್ತ ಕಿವಿಯ ಹತ್ತಿರ ಬಾಗಿ, “ನೀವು ಅವತ್ತ ತಿಳಿಸಿ ಹೇಳಿದ್ದಕ್ಕನ ನಾ ಇಲ್ಲಿತನಕಾ ಬಂದೇನ್ರಿ, ಮೇಡಂ” ಎಂದಳು. ಕುಹಕವಿರಲಿಲ್ಲ, ವ್ಯಂಗ್ಯವಿರಲಿಲ್ಲ. ಕಣ್ಣು ತುಂಬಿ ಬಂದಿತ್ತು. ನಾನು ಊಟಕ್ಕೆ ನಿಲ್ಲದೆ, ತಲೆನೋವು ಎಂದು ಸುಳ್ಳು ಹೇಳಿ, ಮನೆಗೆಂದು ಮುಧೋಳದ ಬಸ್ಸು ಹತ್ತಿದೆ.

ಅದು ಯಾವ ಸಮಾಜ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಆ ಸಮಾಜದವರು ಸಿಟ್ಟಾಗುತ್ತಾರೆ, ಉಳಿದ ಸಮಾಜದವರು ಖುಷಿಪಡುತ್ತಾರೆ. ಇಬ್ಬರಿಗೂ ಆ ಸುಖ ಕೊಡುವ ಮನಸ್ಸು ನನಗಿಲ್ಲ.

ಭಾಗ್ಯಶ್ರೀ ಹೇಳಿದ ‘ಅವತ್ತು’ ಹತ್ತು ಹನ್ನೊಂದು ವರ್ಷದ ಹಿಂದಿನದು. ಆ ವರ್ಷ ನಾನು ಬನಹಟ್ಟಿಯ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಅತಿಥಿ ಎಂದರೆ ಹತ್ತು ತಿಂಗಳು ದುಡಿಸಿಕೊಂಡು ಏಪ್ರಿಲ್‌ನಲ್ಲಿ ಬಾಗಿಲು ತೋರಿಸುವ ಜಾತಿಯ ಅತಿಥಿ. ಊರು ನಮ್ಮದು ಬೀಳಗಿ. ಅಲ್ಲಿಂದ ಟ್ರಂಕು, ಒಂದು ಗ್ಯಾಸಿನ ಒಲೆ ತಂದು ಮಗ್ಗದ ಓಣಿಯಲ್ಲಿ ಒಂದು ಖೋಲಿ ಹಿಡಿದೆ. ಆಷಾಢದ ಗಾಳಿ ಬೀಸುತ್ತಿತ್ತು. ಗಾಳಿಯೊಳಗೆ ಹತ್ತಿಯ ಎಳೆ, ಮಗ್ಗದ ಎಣ್ಣೆಯ ವಾಸನೆ, ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆ. ಹಗಲೆಲ್ಲ ಮಗ್ಗದ ಖಟಖಟ. ಎಂಟು ದಿನದಲ್ಲಿ ಕಿವಿಗೆ ಅದು ರೂಢಿಯಾಯಿತು, ಕರೆಂಟು ಹೋಗಿ ಮಗ್ಗ ನಿಂತಾಗಲೇ ಬೆಚ್ಚಿಬೀಳುತ್ತಿದ್ದೆ.

ಆ ಕೆಲಸ ಹೇಗೆ ಸಿಕ್ಕಿತೆಂಬುದನ್ನೂ ಹೇಳಿಬಿಡುತ್ತೇನೆ. ಅರ್ಜಿ ಹಾಕಿದವರು ಒಂಬತ್ತು ಜನ. ನನಗಿಂತ ಹೆಚ್ಚು ಅಂಕದವರು ಅದರಲ್ಲಿ ಇದ್ದರು. ನನ್ನ ಅಪ್ಪ ಬನಹಟ್ಟಿಯ ನಮ್ಮ ಸಮಾಜದ ಅಧ್ಯಕ್ಷರಿಗೆ ಹೇಳಿದರು, ಅಧ್ಯಕ್ಷರು ಕಾಲೇಜಿಗೆ ಒಂದು ಫೋನು ಮಾಡಿದರು, ‘ನಮ್ಮ ಹೆಣಮಗಳು ಅದಾಳ, ನೋಡ್ರಿ’ ಎಂದು. ಅಷ್ಟೇ. ಆ ಫೋನಿನ ಮೇಲೆ ಹತ್ತಿ ಬಂದು ನಾನು ವ್ಯಕ್ತಿಸ್ವಾತಂತ್ರ್ಯದ ಪಾಠ ಶುರುಮಾಡಿದೆ. ಆಗ ನನಗೆ ಇದರಲ್ಲಿ ಹೇಸುವಂಥದ್ದು ಏನೂ ಕಾಣಲಿಲ್ಲ.

ಬಿ.ಎ. ಕೊನೆಯ ವರ್ಷದ ಕ್ಲಾಸು. ಮೊದಲ ದಿನ ಗ್ರೀಕರಿಂದ ಹಿಡಿದುಕೊಂಡೆ. ಮನುಷ್ಯ ಒಂಟಿಯಾಗಿ ಬದುಕುವ ಪ್ರಾಣಿಯಲ್ಲ, ಸಮಾಜದೊಳಗೆ ಇದ್ದಾಗಲೇ ಅವನು ಮನುಷ್ಯ ಎಂದೆ. ಎರಡನೇ ಬೆಂಚಿನಿಂದ ಒಂದು ಕೈ ಮೇಲೆದ್ದಿತು.

“ಯಾವ ಸಮಾಜರೀ, ಮೇಡಂ?”

ಕೇಳಿದವಳು ಭಾಗ್ಯಶ್ರೀ. ಎರಡು ಜಡೆ, ನೋಟ್‌ಬುಕ್ಕಿಗೆ ಹಳೆಯ ಪೇಪರಿನ ಹೊದಿಕೆ. ನಾನು ನಕ್ಕೆ. ಕ್ಲಾಸು ನಗಲಿಲ್ಲ, ಉತ್ತರಕ್ಕೆ ಕಾಯುತ್ತಿತ್ತು. ಅದು ತಮಾಷೆಯಲ್ಲ ಎಂದು ತಿಳಿಯಲು ನನಗೆ ಒಂದು ನಿಮಿಷ ಬೇಕಾಯಿತು. ಆ ಪೇಟೆಯಲ್ಲಿ ಸಮಾಜ ಎಂಬ ಮಾತಿಗೆ ಮೊದಲಿನಿಂದಲೂ ಬಹುವಚನವಿದೆ. ಆ ಸಮಾಜ, ಈ ಸಮಾಜ. ಸಮಾಜದ ಭವನ, ಸಮಾಜದ ಹಾಸ್ಟೆಲ್ಲು, ಸಮಾಜದ ಸಾಮೂಹಿಕ ಮದುವೆ, ಸಮಾಜದ ಸ್ಮಶಾನ. ಎಲ್ಲರೂ ಒಟ್ಟಿಗಿರುವ ಒಂದು ಸಮಾಜ ಎಲ್ಲಿದೆ, ಅದರ ಬೋರ್ಡು ಎಲ್ಲಿ ತೂಗುಹಾಕಿದ್ದಾರೆ ಎಂದು ಅವರು ಕೇಳಿದ್ದರೆ ತಪ್ಪೇನು?

“ಜಾತಿ ಅಲ್ಲ. ಎಲ್ಲಾ ಮಂದಿ ಕೂಡಿ ಒಂದು ಸಮಾಜ,” ಎಂದೆ.

“ಹಂತಾದ್ದ ನಮ್ಮ ಊರಾಗ ಇಲ್ರಿ,” ಎಂದಳು ಅವಳ ಪಕ್ಕದವಳು, ಬಹಳ ಮೆತ್ತಗೆ. ಅವಳು ರೇಣುಕಾ.

ಈ ಇಬ್ಬರಿಗೂ ಸೇರಿ ಒಂದೇ ಗೈಡು. ಒಬ್ಬಳು ಬಲಪುಟ, ಒಬ್ಬಳು ಎಡಪುಟ ಓದುತ್ತಿದ್ದರು. ರೇಣುಕಾಳ ಮನೆಯಿದ್ದ ಓಣಿಗೆ ನಮ್ಮ ಸಮಾಜದವರು ಕೆಲಸವಿದ್ದರೆ ಮಾತ್ರ ಹೋಗುತ್ತಾರೆ, ನೀರು ಕುಡಿಯದೆ ಬರುತ್ತಾರೆ. ಓದಿನಲ್ಲಿ ಅವಳು ಎಲ್ಲರಿಗಿಂತ ಮುಂದೆ. ‘ವ್ಯಕ್ತಿ’ ಎಂಬ ಪದ ಕೇಳಿದ್ದೀರಾ ಎಂದು ನಾನು ಕೇಳಿದಾಗ ಕ್ಲಾಸಿನಲ್ಲಿ ಕೈಯೆತ್ತಿದವಳೂ ಅವಳೊಬ್ಬಳೇ.

“ಪೇಪರಿನಾಗ ಬರ್ತೈತ್ರಿ. ಕಾಲುವಿ ದಂಡ್ಯಾಗ ಅಪರಿಚಿತ ವ್ಯಕ್ತಿಯ ಶವ ಸಿಕ್ಕೈತಿ ಅಂತ. ಯಾವ ಸಮಾಜದಾಂವ ಅಂತ ಗೊತ್ತಾಗೂತನಕಾ ಅಂವಗ ವ್ಯಕ್ತಿ ಅಂತಾರ್ರಿ. ಗೊತ್ತಾದ ಮ್ಯಾಲ ಹೆಸರು ಹಾಕ್ತಾರ.”

ನಾನು ಎರಡು ಸಾವಿರ ವರ್ಷದ ಚಿಂತನೆ ಓದಿ ಬಂದಿದ್ದೆ. ಇಷ್ಟು ಚೊಕ್ಕವಾಗಿ ನನಗೆ ಯಾರೂ ಹೇಳಿರಲಿಲ್ಲ. ತಿಮ್ಮಾಪುರದಿಂದ ಬರುತ್ತಿದ್ದ ಒಬ್ಬ ಹುಡುಗ, “ನಾಯಿ ಕೊಳ್ಳಾಕ ಬಂದಾವ್ರೂ ಹಂಗರೀ, ತಳಿ ಕೇಳ್ತಾರ, ಹೆಸರು ಕೇಳಂಗಿಲ್ಲ” ಎಂದು ಸೇರಿಸಿದ. ಅವತ್ತು ಮಾತ್ರ ಕ್ಲಾಸೆಲ್ಲ ನಕ್ಕಿತು.

ಮಳೆ ಆ ವರ್ಷ ತಡೆತಡೆದು ಬಂತು. ಎರೆಮಣ್ಣಿನ ರಸ್ತೆ ಚಪ್ಪಲಿಗೆ ಹತ್ತಿಕೊಂಡು, ಒಂದೊಂದು ಕಾಲು ಎರಡೆರಡು ಸೇರು ಭಾರವಾಗಿ, ನಾವು ಕಾಲೇಜಿಗೆ ಬಂದು ಕಟ್ಟೆಗೆ ಒರೆಸಿ ಒಳಗೆ ಹೋಗುತ್ತಿದ್ದೆವು. ಕ್ಲಾಸಿನ ತಗಡಿನ ಮೇಲೆ ಮಳೆ ಬಿದ್ದರೆ ನನ್ನ ಮಾತು ಕೇಳಿಸದು. ಆಗ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಪಾಶ್ಚಾತ್ಯರ ಹೆಸರು ಹುಡುಗರ ನಾಲಿಗೆಗೆ ಹತ್ತುತ್ತಿರಲಿಲ್ಲ, ಹಾಗಾಗಿ ಭಾಗ್ಯಶ್ರೀ ಒಬ್ಬೊಬ್ಬರಿಗೂ ಅಡ್ಡಹೆಸರಿಟ್ಟಳು. ಚಳಿಗೆ ಒಲೆಯ ಹತ್ತಿರ ಕೂತು, ಎಲ್ಲವನ್ನೂ ಅನುಮಾನಿಸಿ, ಅನುಮಾನಿಸುವ ತಾನೊಬ್ಬ ಇರುವುದು ಮಾತ್ರ ಖರೆ ಎಂದು ಕಂಡುಕೊಂಡವನು ‘ಒಲಿಮುಂದಿನಾಂವ’. ಜನ ಒಬ್ಬರನ್ನೊಬ್ಬರು ಕೊಲ್ಲುವ ಭಯಕ್ಕೇ ಎಲ್ಲರೂ ಕೂಡಿ ಕರಾರು ಮಾಡಿಕೊಂಡು ಒಬ್ಬ ದೊರೆಗೆ ತಲೆಬಾಗಿದರು ಎಂದವನು ‘ಅಂಜುಬುರಕ ಮುದುಕ’. ಹೊಲ ಉತ್ತವನಿಗೆ ಹೊಲ ಎಂದವನು, ಹೊಲದ ಪಹಣಿಗೆ ನಮ್ಮ ಕಡೆ ಉತಾರ ಎನ್ನುವುದರಿಂದ, ‘ಉತಾರದಾಂವ’. ಮನುಷ್ಯ ಹುಟ್ಟುವಾಗ ಬಿಡುಗಡೆಯಿಂದ ಹುಟ್ಟಿ ಆಮೇಲೆ ಎಲ್ಲ ಕಡೆಯಿಂದ ಬಿಗಿಸಿಕೊಳ್ಳುತ್ತಾನೆ ಎಂದು ಊರೂರು ಅಲೆಯುತ್ತ ಕೊರಗಿದವನು ‘ತಿರುಗತಿಪ್ಪ’.

ಆ ತಿರುಗತಿಪ್ಪ ಮಕ್ಕಳನ್ನು ಹೇಗೆ ಬೆಳೆಸಬೇಕೆಂದು ದೊಡ್ಡ ಗ್ರಂಥ ಬರೆದು, ತನ್ನ ಸ್ವಂತ ಮಕ್ಕಳನ್ನು ಹುಟ್ಟಿದ ಕೂಡಲೇ ಅನಾಥಾಲಯಕ್ಕೆ ಬಿಟ್ಟು ಬಂದವನು. ಉತಾರದವನು ಮನುಷ್ಯನ ಸ್ವಾತಂತ್ರ್ಯದ ಬಗ್ಗೆ ಬರೆಯುತ್ತಲೇ ಗುಲಾಮರನ್ನು ಮಾರುವ ಕಂಪನಿಯಲ್ಲಿ ಪಾಲು ಇಟ್ಟುಕೊಂಡಿದ್ದವನು. ಇದನ್ನು ಹೇಳುವಾಗ ನನ್ನ ದನಿಯಲ್ಲಿ ಎಂಥ ತಿರಸ್ಕಾರ ಇರುತ್ತಿತ್ತೆಂದರೆ, ಹುಡುಗಿಯರು ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು. “ಬರೆಯೋದೊಂದು, ಬದುಕೋದೊಂದು. ಥೂ!” ಎಂದು ಒಂದು ದಿನ ನಿಜವಾಗಿಯೂ ಥೂ ಎಂದಿದ್ದೆ. ಭಾಗ್ಯಶ್ರೀ ಆ ಥೂ ಅನ್ನೂ ನೋಟ್ಸಿನಲ್ಲಿ ಬರೆದುಕೊಂಡಿದ್ದಳು.

ಅವಳು ಹಾಗೆಯೇ. ಹೇಳಿದ್ದನ್ನು ಹೇಳಿದ ಹಾಗೆ ನಂಬುವವಳು. ಅವಳ ಅಪ್ಪ ಮನೆಯಲ್ಲಿ ಎರಡು ಪವರ್‌ಲೂಮ್ ಇಟ್ಟುಕೊಂಡು ಬೇರೆಯವರ ನೂಲಿಗೆ ಮಜೂರಿಯ ಮೇಲೆ ಸೀರೆ ನೇಯುತ್ತಿದ್ದ. ಮಗಳಿಗೆ ಧಾರವಾಡಕ್ಕೆ ಹೋಗಿ ಎಂ.ಎ. ಮಾಡುವ ಹುಚ್ಚು. ಅಪ್ಪನದು ಒಂದೇ ಷರತ್ತು. ನಮ್ಮ ಸಮಾಜದ ಹಾಸ್ಟೆಲ್ಲಿನಲ್ಲಿ ಸೀಟು ಸಿಕ್ಕರೆ ಕಳಿಸುತ್ತೇನೆ, ಇಲ್ಲದಿದ್ದರೆ ಓದಿದ್ದು ಸಾಕು, ಹುಡುಗನನ್ನು ನೋಡುತ್ತೇನೆ. ಆ ಸೀಟಿಗೆ ಅಧ್ಯಕ್ಷರ ಪತ್ರ ಬೇಕು. ಇದನ್ನು ಅವಳು ನನಗೆ ದೀಪಾವಳಿಯ ಹೊತ್ತಿಗೇ ಹೇಳಿದ್ದಳು, ದಿನಾ ಒಂದು ಸಲ ನೆನಪಿಸುತ್ತಲೂ ಇದ್ದಳು. ಧಾರವಾಡದಲ್ಲಿ ಮಳೆ ಹೇಗಿರುತ್ತದೆ, ಲೈಬ್ರರಿ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಎಲ್ಲ ಕೇಳಿ ಬರೆದುಕೊಂಡಿದ್ದಳು.

ಚಳಿಗಾಲ ಬಂತು. ಕಬ್ಬಿನ ಟ್ರ್ಯಾಕ್ಟರುಗಳು ಕಾಲೇಜಿನ ಮುಂದೆ ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಗಡಿಯಾರ ಹಿಡಿದು ವಾಕಿಂಗ್ ಹೋಗುತ್ತಿದ್ದ ಒಬ್ಬ ಜರ್ಮನ್ ಬ್ರಹ್ಮಚಾರಿ ಚಿಂತಕನ ಪಾಠ ನಡೆದಿತ್ತು. ಮನುಷ್ಯನನ್ನು ಇನ್ನೊಂದಕ್ಕೆ ಸಾಧನ ಮಾಡಿಕೊಳ್ಳಬಾರದು, ಪ್ರತಿಯೊಬ್ಬರಿಗೂ ಅವರದೇ ಆದ ಬೆಲೆಯಿದೆ, ಅದು ಕುಲದಿಂದ ಬಂದದ್ದಲ್ಲ ಎಂದು ವಿವರಿಸುತ್ತಿದ್ದೆ.

“ಹಂಗಂದ್ರ ಬಹುಮಾನ ಕೊಡುವಾಗ ಮಾರ್ಕ್ಸ ಅಷ್ಟ ನೋಡ್ಬೇಕೇನ್ರಿ? ಯಾವ ಸಮಾಜ ಅಂತ ನೋಡ್ಬಾರ್ದೇನ್ರಿ?” ಎಂದಳು ಭಾಗ್ಯಶ್ರೀ.

“ಹೌದು,” ಎಂದೆ. ಬೋರ್ಡು ಒರೆಸುತ್ತಿದ್ದೆ, ತಿರುಗಿಯೂ ನೋಡಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಬನಹಟ್ಟಿಯ ನಮ್ಮ ಸಮಾಜದ ಭವನದಲ್ಲಿ ಪ್ರತಿಭಾ ಪುರಸ್ಕಾರ. ಆಗಸ್ಟಿನಲ್ಲಿ ಆಗಬೇಕಾದದ್ದು, ಮುಖ್ಯ ಅತಿಥಿಯ ತಾರೀಖು ಸಿಗದೆ ಅಷ್ಟು ಮುಂದೆ ಹೋಗಿತ್ತು. ನಮ್ಮ ಕಡೆ ಪ್ರತಿಯೊಂದು ಸಮಾಜವೂ ತನ್ನ ಮಕ್ಕಳ ಮಾರ್ಕ್ಸ್ ಕಾರ್ಡ್ ತರಿಸಿಕೊಂಡು ತನ್ನ ಮಕ್ಕಳಿಗಷ್ಟೇ ಶಾಲು ಹೊದಿಸುತ್ತದೆ. ಬುದ್ಧಿ ಕೂಡ ಮನೆತನದ ಆಸ್ತಿ ಎಂಬಂತೆ. ನನ್ನನ್ನು ಎರಡನೇ ಸಾಲಿನಲ್ಲಿ ಕೂರಿಸಿದ್ದರು. ರೇಣುಕಾ ಗೆಳತಿಯ ಸನ್ಮಾನ ನೋಡಲು ಬಂದು ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ ಕೂತಿದ್ದಳು.

ಬಿ.ಎ. ಎರಡನೇ ವರ್ಷದಲ್ಲಿ ಕಾಲೇಜಿಗೆ ಪ್ರಥಮ ಎಂದು ಭಾಗ್ಯಶ್ರೀಯ ಹೆಸರು ಕೂಗಿದರು. ಅದು ಸುಳ್ಳು. ಪ್ರಥಮ ರೇಣುಕಾ. ನಮ್ಮ ಸಮಾಜಕ್ಕೆ ಪ್ರಥಮ ಎಂದಿದ್ದರೆ ಸರಿಯಿತ್ತು, ಆದರೆ ಅವರ ಲೆಕ್ಕದಲ್ಲಿ ಎರಡೂ ಒಂದೇ. ಅಧ್ಯಕ್ಷರು ಶಾಲು ಹೊದಿಸಿದರು. ಭಾಗ್ಯಶ್ರೀ ಮೈಕಿನ ಹತ್ತಿರ ಹೋಗಿ, ಒಂದು ಸಲ ನನ್ನ ಕಡೆ ನೋಡಿ, “ನಾ ಪ್ರಥಮ ಅಲ್ರಿ. ನನಗಿಂತ ಹನ್ನೊಂದು ಮಾರ್ಕ್ಸ ಜಾಸ್ತಿ ತಗದಾಕಿ ಹಿಂದ ಕುಂತಾಳ್ರಿ. ಇದು ಅಕಿದು” ಎಂದಳು. ಮೆಟ್ಟಿಲಿಳಿದಳು. ಕುರ್ಚಿಗಳ ನಡುವಿನ ದಾರಿಯಲ್ಲಿ ಕೊನೆಯವರೆಗೆ ನಡೆದು ಹೋಗಿ, ತನ್ನ ಮೈಮೇಲಿನ ಶಾಲು ತೆಗೆದು ರೇಣುಕಾಳಿಗೆ ಹೊದಿಸಿದಳು.

“ಏನ್ ಮಾಡಾಕತ್ತೀ ಬೇ, ಬಿಡ! ಮಂದಿ ನೋಡಾಕತ್ತೈತಿ,” ಎಂದು ರೇಣುಕಾ ಕುರ್ಚಿಯೊಳಗೆ ಕುಗ್ಗಿ ಪಿಸುಗುಟ್ಟಿದ್ದು ನನಗೆ ಕೇಳಿಸಿತು, ಭವನ ಅಷ್ಟು ನಿಶ್ಶಬ್ದವಾಗಿತ್ತು. ನನ್ನ ಕೈಗಳು ಚಪ್ಪಾಳೆಗೆಂದು ಎದ್ದಿದ್ದವು. ವೇದಿಕೆಯ ಮೇಲೆ ಅಧ್ಯಕ್ಷರ ಮುಖ ಕಂಡಿತು. ಎದ್ದ ಕೈಗಳು ಸೆರಗು ಸರಿಮಾಡಿಕೊಂಡು ಕೆಳಗಿಳಿದವು. ನಿರೂಪಕರು ಮುಂದಿನ ಹೆಸರು ಕೂಗಿದರು.

ಮಂಗಳವಾರ ಅಧ್ಯಕ್ಷರು ಇಬ್ಬರನ್ನು ಕರೆದುಕೊಂಡು ಕಾಲೇಜಿಗೆ ಬಂದರು. ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಅಧ್ಯಕ್ಷರು ಬೈಯುವ ಮನುಷ್ಯರಲ್ಲ. ಮೃದುವಾದ ಮಾತು, ಬಿಳಿ ಅಂಗಿ, ಚಹಾ ಬಂದಾಗ ಮೊದಲು ನನಗೆ ಕೊಡಿಸಿದರು.

“ನಮ್ಮ ಹೆಣಮಗಳು ಅಂತ ನಾನ ಫೋನ್ ಮಾಡಿದ್ನೆವ್ವಾ ತಂಗಿ. ಹುಡುಗ್ಯಾರಿಗೆ ನಾಕ ಅಕ್ಷರಾ ಕಲಸ್ತೀ ಅಂತ. ಇದನ್ನ ಕಲಸಂತ ಹೇಳಿದ್ನೇನು?”

ನಾನು ಕಪ್ಪಿನೊಳಗೆ ನೋಡಿದೆ. ಪ್ರಿನ್ಸಿಪಾಲರು ಕಿಟಕಿಯ ಹೊರಗೆ ನೋಡಿದರು.

“ಅಕಿ ಸಣ್ಣಾಕಿ, ಹೋಗ್ಲಿ. ಧಾರವಾಡದಾಗ ಅಕಿಗೊಂದು ಸೀಟು ಇಟ್ಟೀವಿ. ಸಮಾಜಕ್ಕ ಮಾನಾ ಕೊಡದಾಕಿಗೆ ಸಮಾಜ ಸೀಟು ಕೊಟ್ರ ನಾಳೆ ಮಂದಿ ನನ್ನ ಕೇಳ್ತಾರ. ಒಂದು ಕ್ಷಮಾಪಣಾ ಪತ್ರ ಬರದ ಕೊಡ್ಲಿ. ಶಾಲೂ ವಾಪಸ್ ಬರ್ಲಿ. ಮುಗೀತು. ನೀನು ಕಲತಾಕಿ, ನೀನ ತಿಳಿಸಿ ಹೇಳು.”

ಪತ್ರವನ್ನು ಬರೆದವಳು ನಾನು. ಸ್ಟಾಫ್ ರೂಮಿನಲ್ಲಿ ಕೂತು, ನನ್ನ ಮುದ್ದಾದ ಅಕ್ಷರದಲ್ಲಿ. ‘ನನ್ನ ವರ್ತನೆಯಿಂದ ಸಮಾಜದ ಗೌರವಕ್ಕೆ ಚ್ಯುತಿ ಉಂಟಾಗಿದ್ದು, ಅದಕ್ಕಾಗಿ ಸಮಾಜದ ಕ್ಷಮೆ ಯಾಚಿಸುತ್ತೇನೆ, ಇಂಥ ತಪ್ಪು ಮರುಕಳಿಸುವುದಿಲ್ಲ.’ ಹುಡುಗಿಯ ಧಾರವಾಡ ಉಳಿಯಲಿ ಎಂದು ಬರೆದೆ. ಅದು ಸುಳ್ಳಲ್ಲ. ನನ್ನ ಕೆಲಸ ಉಳಿಯಲಿ ಎಂದೂ ಬರೆದೆ. ಎರಡರಲ್ಲಿ ಯಾವುದು ಮೊದಲು ನೆನಪಾಯಿತೆಂದು ಇಷ್ಟು ವರ್ಷವಾದರೂ ನಾನು ನನ್ನನ್ನು ಕೇಳಿಕೊಂಡಿಲ್ಲ, ಯಾಕೆಂದರೆ ಉತ್ತರ ಗೊತ್ತಿದೆ.

ಸಂಜೆ ಅವಳ ಮನೆಗೆ ಹೋದೆ. ಹೊಸ್ತಿಲ ಮೇಲೆ ನನ್ನನ್ನು ಕಂಡ ಕೂಡಲೇ ಅವಳ ಅಪ್ಪ ಎರಡೂ ಮಗ್ಗ ಬಂದ್ ಮಾಡಿದ. “ಮೇಡಂ ಹೇಳಿದಂಗ ಕೇಳವಾ,” ಎಂದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಆ ಮನೆಯಲ್ಲಿ ಅಷ್ಟು ಮೌನ ನನಗೆ ಬೇಕಿರಲಿಲ್ಲ. ಗದ್ದಲದಲ್ಲಾದರೆ ಕಿರುಚಿ ಹೇಳಿ ಮುಗಿಸಿಬಿಡಬಹುದಿತ್ತು.

ನಾನು ಅಂಜುಬುರಕ ಮುದುಕನನ್ನು ಹೊರತೆಗೆದೆ. ಖರೆ ಹೇಳುತ್ತೇನೆ, ಅದನ್ನೇ ಮಾಡಿದೆ. ಎಲ್ಲರೂ ಸ್ವಲ್ಪ ಸ್ವಾತಂತ್ರ್ಯ ಬಿಟ್ಟುಕೊಟ್ಟಾಗಲೇ ಒಟ್ಟಿಗೆ ಬಾಳಲು ಆಗುವುದು, ಕರಾರು ಎಂದರೆ ಅದೇ, ಈಗ ಒಂದು ಸಹಿ ಬಿಟ್ಟುಕೊಟ್ಟರೆ ನಾಳೆ ಧಾರವಾಡದಲ್ಲಿ ನಿನಗೆ ಇಡೀ ಸ್ವಾತಂತ್ರ್ಯ ಎಂದೆ. ಜೂನ್ ತಿಂಗಳಿನಿಂದ ಓದಿಸಿದ್ದೆಲ್ಲ ಅವತ್ತು ನನ್ನ ಕೆಲಸಕ್ಕೆ ಬಂತು. ಅಷ್ಟು ಚೆನ್ನಾಗಿ ನಾನು ಕ್ಲಾಸಿನಲ್ಲೂ ಪಾಠ ಮಾಡಿರಲಿಲ್ಲ.

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ಅವ್ರು ಎಲ್ಲಾರೂ ಕೂಡಿ ಕರಾರು ಮಾಡ್ಕೊಂಡ್ರಂತ ಹೇಳಿದ್ರಿ. ಇದರಾಗ ರೇಣುಕಾನ್ನ ಯಾರ ಕೇಳ್ಯಾರ್ರಿ?” ಎಂದಳು.

ನಾನು ಪತ್ರ ಮುಂದೆ ಚಾಚಿದೆ. ಅವಳು ಓದಿದಳು, ಬೆರಳನ್ನು ಒಂದು ಪದದ ಮೇಲೆ ಇಟ್ಟಳು.

“ಸಮಾಜದ ಕ್ಷಮಾ ಅಂತ ಬರದೀರಿ. ಯಾವ ಸಮಾಜರೀ, ಮೇಡಂ? ನೀವು ಕ್ಲಾಸಿನಾಗ ಹೇಳಿದ್ದೇನ್ರಿ, ಇವರದೇನ್ರಿ?”

“ಭಾಗ್ಯಾ, ಈಗ ಆ ವಾದಾ ಬ್ಯಾಡ.”

“ವಾದಾ ಅಲ್ರಿ. ಒಂದ ಹೇಳ್ರಿ. ಶಾಲು ಅಕಿಗೆ ಹೊದಿಸಿದ್ದು ತಪ್ಪೇನ್ರಿ? ನೀವು ಹೌದಂದ್ರ ನಾ ಸಹಿ ಮಾಡ್ತೇನ್ರಿ.”

ಹೊರಗೆ ಕಟ್ಟೆಯ ಮೇಲೆ ಅವಳ ಅಪ್ಪ ಕೆಮ್ಮಿದ. ಅವಳು ಪೆನ್ನು ಹಿಡಿದು ನನ್ನ ಮುಖ ನೋಡುತ್ತಿದ್ದಳು. ಇಲ್ಲ ಎನ್ನಬೇಕಿತ್ತು. ತಪ್ಪಲ್ಲ, ಆದರೂ ಸಹಿ ಮಾಡು, ಇದು ಹೊಲಸು ಜಗತ್ತು ಎಂದಾದರೂ ಹೇಳಬಹುದಿತ್ತು. ಅವಳಿಗೆ ಅದು ಸಾಕಾಗುತ್ತಿತ್ತು, ಅವಳ ಮನಸ್ಸಿನೊಳಗಾದರೂ ಅವಳು ಸರಿಯಾಗಿ ಉಳಿಯುತ್ತಿದ್ದಳು.

“ಹೌದು,” ಎಂದೆ.

ಆ ವರ್ಷ ನಾನು ಅವಳಿಗೆ ಹೇಳಿದ ಎರಡನೇ ಹೌದು ಅದು. ಅವಳು ಎರಡನ್ನೂ ನಂಬಿದಳು. ಸಹಿ ಮಾಡಿ, ಪತ್ರ ಮಡಚಿ ಎರಡೂ ಕೈಯಿಂದ ಕೊಟ್ಟಳು.

ಮರುದಿನ ಶಾಲು ತರಲು ಇಬ್ಬರೂ ರೇಣುಕಾಳ ಮನೆಗೆ ಹೋದೆವು. ಭಾಗ್ಯಶ್ರೀ ಓಣಿಯ ತಿರುವಿನಲ್ಲೇ ನಿಂತುಬಿಟ್ಟಳು, ಮುಂದೆ ಕಾಲು ಬರಲಿಲ್ಲ. ನಾನೊಬ್ಬಳೇ ಹೋದೆ. ರೇಣುಕಾಳ ಅವ್ವ ಬಾಗಿಲಿಗೆ ಬಂದಳು. ಮಗಳ ಮೇಡಂ ಮನೆಗೆ ಬಂದಿದ್ದಾರೆಂದು ಅವಳಿಗೆ ಹಿಗ್ಗು. ಚಾಪೆ ಝಾಡಿಸಿ ಹಾಸಿದಳು.

“ಚಾ ಮಾಡ್ತೇನ್ರಿ, ಕೂಡ್ರಿ.”

“ಬ್ಯಾಡವ್ವಾ, ತಡಾ ಆಗೈತಿ,” ಎಂದೆ. ತಡವೇನೂ ಆಗಿರಲಿಲ್ಲ. ಇಡೀ ಸಂಜೆ ನನ್ನದೇ ಇತ್ತು. ಬಾಗಿಲ ಹೊರಗೆ ನಿಂತೇ ಶಾಲಿನ ಮಾತೆತ್ತಿದೆ.

ಅವಳ ಮುಖದ ಮೇಲಿನ ಹಿಗ್ಗು ಹೋದದ್ದನ್ನು ನಾನು ನೋಡಿದೆ. ಅವಳು ಜಗಳ ಮಾಡಲಿಲ್ಲ, ಯಾಕೆ ಎಂದು ಕೇಳಲಿಲ್ಲ. ಒಳಗೆ ಹೋಗಿ ದೇವರ ಜಗಲಿಯ ಮೇಲಿಂದ ಶಾಲು ತಂದಳು. ಒಗೆದು, ಇಸ್ತ್ರಿ ಮಾಡಿ, ಹೊಸ ಪೇಪರಿನಲ್ಲಿ ಸುತ್ತಿಟ್ಟಿದ್ದಳು. “ಒಮ್ಮೀನೂ ಹೊದ್ದಿಲ್ರಿ ಮೇಡಂ. ಅವತ್ತ ಎಷ್ಟ ಹೊದ್ದಾಳೋ ಅಷ್ಟರಿ,” ಎಂದಳು. ಅವಳ ಹಿಂದೆ ಕತ್ತಲಲ್ಲಿ ರೇಣುಕಾ ನಿಂತಿದ್ದಳು.

ಅದನ್ನು ತಂದು ಪ್ರಿನ್ಸಿಪಾಲರ ಟೇಬಲ್ಲಿನ ಮೇಲಿಟ್ಟೆ. ಅಧ್ಯಕ್ಷರು ಪತ್ರ ಓದಿ ತೃಪ್ತಿಯಿಂದ ಜೇಬಿನಲ್ಲಿಟ್ಟುಕೊಂಡರು. ಶಾಲಿನ ಕಡೆ ನೋಡಿದರು, ಮುಟ್ಟಲಿಲ್ಲ.

“ಇದನ್ನ ಇನ್ನ ಯಾರಿಗೆ ಹೊದಸೂದು? ಅಕಿ ಮೈಮ್ಯಾಲಿಂದ ಬಂದದ್ದು. ನೀನ ಇಟ್ಗೊಳ್ಳವಾ ತಂಗಿ,” ಎಂದರು.

ಆ ಒಂದು ಮಾತಿಗೆ ನನ್ನ ಮೈಯೆಲ್ಲ ಹೇಸಿಗೆಯಿಂದ ಮುದುಡಿತು. ಅವರ ಮೇಲಿನ ಹೇಸಿಗೆ ಅರ್ಧ. ಮುಟ್ಟದ ಶಾಲಿಗಾಗಿ ನನ್ನನ್ನು ಕಳಿಸಿದರು, ನಾನು ಹೋದೆ ಎಂಬ ಹೇಸಿಗೆ ಉಳಿದರ್ಧ. ಆ ದಿನವೇ ತಿರುಗಿ ಒಯ್ದು ರೇಣುಕಾಳಿಗೆ ಕೊಡಬಹುದಿತ್ತು. ಅಧ್ಯಕ್ಷರಿಗೆ ಗೊತ್ತಾದರೆ ಎಂದು ಅಂಜಿದೆ. ಅಂಜುಬುರಕ ಎಂದು ಆ ಇಂಗ್ಲಿಷ್ ಮುದುಕನಿಗೆ ನಕ್ಕವಳು ನಾನು. ಶಾಲು ನನ್ನ ಟ್ರಂಕಿನ ತಳಕ್ಕೆ ಹೋಯಿತು.

ಆಮೇಲೆ ಎರಡನೇ ಬೆಂಚು ಖಾಲಿಯಾಯಿತು. ರೇಣುಕಾ ಹಿಂದಿನ ಬೆಂಚಿಗೆ ಹೋದಳು, ಭಾಗ್ಯಶ್ರೀ ಮುಂದಿನ ಬೆಂಚಿಗೆ ಬಂದಳು. ಗೈಡು ಯಾರ ಹತ್ತಿರ ಉಳಿಯಿತೋ ತಿಳಿಯದು. ಮಾರ್ಚಿನ ಟೆಸ್ಟಿನಲ್ಲಿ ‘ಸಮಾಜ ಎಂದರೇನು?’ ಎಂದು ಹತ್ತು ಅಂಕಕ್ಕೆ ಕೇಳಿದೆ. ಭಾಗ್ಯಶ್ರೀ ನನ್ನ ನೋಟ್ಸನ್ನು ಅಕ್ಷರ ಬಿಡದೆ ಇಳಿಸಿದ್ದಳು, ಒಂದು ಪ್ರಶ್ನೆಯಿಲ್ಲ, ಒಂದು ಅಡ್ಡಹೆಸರಿಲ್ಲ. ರೇಣುಕಾ ಆ ಪ್ರಶ್ನೆಯನ್ನೇ ಬಿಟ್ಟಿದ್ದಳು. ಜಾಗ ಬಿಟ್ಟು, ಅದರ ಕೆಳಗೆ ಮುಂದಿನ ಪ್ರಶ್ನೆಯ ಉತ್ತರ ಚೊಕ್ಕಟವಾಗಿ ಬರೆದಿದ್ದಳು. ಮೊದಲನೆಯವಳಿಗೆ ಹತ್ತಕ್ಕೆ ಹತ್ತು ಕೊಟ್ಟೆ. ಎರಡನೆಯವಳ ಖಾಲಿ ಜಾಗದ ಎದುರು ಸೊನ್ನೆ ಬರೆದೆ.

ಭಾಗ್ಯಶ್ರೀಗೆ ಅಧ್ಯಕ್ಷರ ಪತ್ರ ಸಿಕ್ಕಿತು, ಧಾರವಾಡಕ್ಕೆ ಹೋದಳು. ಮರುವರ್ಷ ನನಗೂ ಮುಧೋಳದಲ್ಲಿ ಇನ್ನೂ ಛಲೋ ಜಾಗ ಸಿಕ್ಕಿತು. ಮತ್ತೊಂದು ಫೋನು. ಆಮೇಲೆ ಕಾಯಂ ಆದೆ, ವ್ಯಕ್ತಿ ಮತ್ತು ಸಮಾಜದ ಮೇಲೆ ಮುನ್ನೂರು ಪುಟ ಬರೆದೆ. ಆ ಮುನ್ನೂರು ಪುಟದಲ್ಲಿ ಈ ಶಾಲು ಎಲ್ಲೂ ಇಲ್ಲ. ಉತಾರದವನ ಪಾಲುಗಾರಿಕೆಯ ಮೇಲೆ ಮಾತ್ರ ಒಂದು ಖಾರವಾದ ಅಧ್ಯಾಯವಿದೆ.

ಜಮಖಂಡಿಯ ಸನ್ಮಾನದ ನಂತರ ನಾಲ್ಕು ದಿನ ನನಗೆ ಅನ್ನ ರುಚಿಸಲಿಲ್ಲ. ಭಾಗ್ಯಶ್ರೀಯ ತುಂಬಿದ ಕಣ್ಣು ಎದುರಿಗೆ ಬರುತ್ತಿತ್ತು. ಅವಳು ನನ್ನನ್ನು ದೂರಿದ್ದರೆ ಚೆನ್ನಾಗಿತ್ತು. ಅವಳು ಕೃತಜ್ಞಳಾಗಿದ್ದಳು. ಈಗ ಅವಳೇ ಮಕ್ಕಳ ಮಾರ್ಕ್ಸ್ ಕಾರ್ಡ್ ತರಿಸಿಕೊಂಡು, ನಮ್ಮವರು ಯಾರು ಎಂದು ಆರಿಸಿ, ಶಾಲು ಲೆಕ್ಕ ಹಾಕಿ ತರುವವಳು. ಅಂಥವಳನ್ನು ಮಾಡಿದ್ದು ನನ್ನ ಒಂದು ಹೌದು. ಐದನೇ ದಿನ ಟ್ರಂಕಿನ ತಳದಿಂದ ಹಳೆಯ ಶಾಲು ತೆಗೆದೆ. ರೇಣುಕಾಳ ಅವ್ವ ಸುತ್ತಿದ ಪೇಪರು ಹಳದಿಯಾಗಿ ಮಡಿಕೆಯಲ್ಲಿ ಹರಿದಿತ್ತು. ಕೈಚೀಲದಲ್ಲಿಟ್ಟುಕೊಂಡು ಭಾನುವಾರ ಬನಹಟ್ಟಿಯ ಬಸ್ಸು ಹತ್ತಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ತಪ್ಪು ನನ್ನದು, ಇದು ನಿಮ್ಮ ಮಗಳದು, ಈಗ ಒಂದು ಚಾ ಮಾಡಿ ಕೊಡಿ, ಕುಡಿದೇ ಹೋಗುತ್ತೇನೆ, ಹೀಗೆಲ್ಲ.

ಓಣಿಗೆ ಸಿಮೆಂಟು ಬಂದಿತ್ತು. ಮನೆ ಅದೇ. ಬಾಗಿಲು ಬಡಿದೆ. ರೇಣುಕಾಳ ಅವ್ವ ತೆಗೆದಳು, ತಲೆ ಪೂರ್ತಿ ಬೆಳ್ಳಗಾಗಿತ್ತು. ಒಂದು ಕ್ಷಣ ಗುರುತು ಹತ್ತಲಿಲ್ಲ. ಹತ್ತಿದ ಕೂಡಲೇ ಅವಳ ಕಣ್ಣು ನನ್ನ ಮುಖದಿಂದ ಇಳಿದು ಕೈಚೀಲದ ಮೇಲೆ ನಿಂತಿತು. ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು. ನಾನು ಬಾಯಿ ತೆರೆಯುವ ಮೊದಲೇ ಅವಳು ಮಾತಾಡಿದಳು, ಜಗಳಕ್ಕಲ್ಲ, ಬೇಡಿಕೊಳ್ಳುವ ದನಿಯಲ್ಲಿ.

“ರೇಣುಕಾ ಇಲ್ಲಿ ಇಲ್ರಿ ಮೇಡಂ, ನೌಕರಿ ಮ್ಯಾಲ ಅದಾಳ್ರಿ. ನಮ್ಮ ಕಡೆ ಇದ್ದದ್ದೆಲ್ಲಾ ಅವತ್ತ ಕೊಟ್ಟೀವಲ್ರಿ. ಇನ್ನೇನ್ ವಾಪಸ್ ಕೊಡೂದೈತ್ರಿ?”